ಒಂದೇ ಓಟಿನ ಅಂತರ ಇದ್ದಾಗ ಮಂತ್ರಿ ಮಾಡೋದು ಎಷ್ಟು ಕಷ್ಟ?

[ಸ್ಕ್ರೀನ್: ಅಮೆರಿಕದ ಸೆನೆಟ್, 7 ಫೆಬ್ರವರಿ 2017]

ನಮಸ್ಕಾರ. ಇವತ್ತು ಒಂದು ಓಟಿನಿಂದ ಶುರು ಮಾಡೋಣ.

ಟ್ರಂಪ್ ಅಧ್ಯಕ್ಷರಾಗಿ ಇನ್ನೂ ಮೂರು ವಾರ ಆಗಿಲ್ಲ. ಶಿಕ್ಷಣ ಮಂತ್ರಿ ಸ್ಥಾನಕ್ಕೆ ಬೆಟ್ಸಿ ಡಿವೋಸ್ ಹೆಸರು ಕಳಿಸಿದ್ದಾರೆ. ಅಲ್ಲಿ ಅಧ್ಯಕ್ಷರು ಹೆಸರು ಹೇಳಿದರೆ ಸಾಲದು, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. 100 ಸೆನೆಟರ್‌ಗಳಲ್ಲಿ 52 ಜನ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದವರೇ. ಸಲೀಸು ಅನ್ನಿಸುತ್ತದೆ ಅಲ್ವಾ? ಆದರೆ ಸೂಸನ್ ಕಾಲಿನ್ಸ್, ಲೀಸಾ ಮುರ್ಕೌಸ್ಕಿ ಅಂತ ಇಬ್ಬರು ರಿಪಬ್ಲಿಕನ್ ಸೆನೆಟರ್‌ಗಳು ಆಗಲ್ಲ ಅಂದುಬಿಟ್ಟರು. 50-50. ಸೆನೆಟ್‌ನಲ್ಲಿ ಸಮ ಸಮ ಆದಾಗ ಮಾತ್ರ ಉಪಾಧ್ಯಕ್ಷರು ಓಟು ಹಾಕಬಹುದು, ಹಾಗಾಗಿ ಉಪಾಧ್ಯಕ್ಷ ಮೈಕ್ ಪೆನ್ಸ್ ಬಂದು ಓಟು ಹಾಕಿದರು. 51-50. ಉಪಾಧ್ಯಕ್ಷರ ಓಟಿನಿಂದ ಮಂತ್ರಿಯೊಬ್ಬರು ಪಾರಾಗಿದ್ದು ಅಮೆರಿಕದ ಇತಿಹಾಸದಲ್ಲಿ ಅದೇ ಮೊದಲು.

ಈಗ ಆ 50ರಲ್ಲಿ ಒಂದೇ ಒಂದು ಓಟು ನೋಡಿ. ಅಲಬಾಮಾದ ಸೆನೆಟರ್ ಜೆಫ್ ಸೆಷನ್ಸ್ ಅವರದ್ದು. ಅವರೂ ಅಟಾರ್ನಿ ಜನರಲ್, ಅಂದರೆ ಅಲ್ಲಿನ ಕಾನೂನು ಮಂತ್ರಿ, ಆಗಲು ಕಾಯುತ್ತಿದ್ದರು. ಅಮೆರಿಕದಲ್ಲಿ ಸೆನೆಟರ್ ಆಗಿದ್ದುಕೊಂಡೇ ಮಂತ್ರಿಯಾಗಲು ಆಗಲ್ಲ, ಸೀಟು ಬಿಡಬೇಕು. ಅವರು ಮೊದಲೇ ಹೋಗಿದ್ದರೆ ಲೆಕ್ಕ 49-50 ಆಗುತ್ತಿತ್ತು, ಪೆನ್ಸ್‌ಗೆ ಕೆಲಸವೇ ಇರುತ್ತಿರಲಿಲ್ಲ. ಹಾಗಾಗಿ ಡಿವೋಸ್ ಮೊದಲು, ಸೆಷನ್ಸ್ ಮಾರನೇ ದಿನ.

ಇಷ್ಟು ಜಾಣತನ ಮಾಡಿಯೂ ಏನಾಯಿತು ಗೊತ್ತಾ? ಸೆಷನ್ಸ್ ಬಿಟ್ಟ ಸೀಟಿಗೆ ಅದೇ ವರ್ಷ ಡಿಸೆಂಬರ್ 12ರಂದು ಉಪಚುನಾವಣೆ. ಅಲಬಾಮಾ ಅಂದರೆ ರಿಪಬ್ಲಿಕನ್ನರ ಭದ್ರಕೋಟೆ, 1992ರ ನಂತರ ಅಲ್ಲಿ ಡೆಮಾಕ್ರಟಿಕ್ ಸೆನೆಟರ್ ಒಬ್ಬರೂ ಗೆದ್ದಿರಲಿಲ್ಲ. ರಿಪಬ್ಲಿಕನ್ ಅಭ್ಯರ್ಥಿ ರಾಯ್ ಮೂರ್ ಮೇಲೆ ಪ್ರಚಾರದ ಹೊತ್ತಿಗೇ ಗಂಭೀರ ಆರೋಪಗಳು ಬಂದವು, ಡೆಮಾಕ್ರಟ್ ಡಗ್ ಜೋನ್ಸ್ ಸುಮಾರು 22 ಸಾವಿರ ಓಟುಗಳಿಂದ ಗೆದ್ದರು. 52 ಇದ್ದದ್ದು 51 ಆಯಿತು. ಭದ್ರ ಸೀಟು ಅಂತ ಧೈರ್ಯವಾಗಿ ಕೈ ಹಾಕಿದರು, ಅದೇ ಜಾರಿಹೋಯಿತು.

ನಾನು ಹೇಳಬೇಕು ಅಂತಿರೋದು ಇದೇ. ಅಂತರ ತೆಳುವಾದಾಗ ಒಬ್ಬ ಮನುಷ್ಯ ಬರೀ ಯೋಗ್ಯನೋ ಅಯೋಗ್ಯನೋ ಅನ್ನೋ ಪ್ರಶ್ನೆ ಉಳಿಯುವುದಿಲ್ಲ. ಅವನು ಒಂದು ಓಟು ಕೂಡ. ಅವನನ್ನು ಒಂದು ಕುರ್ಚಿಯಿಂದ ಎಬ್ಬಿಸಿ ಇನ್ನೊಂದರಲ್ಲಿ ಕೂರಿಸಿದರೆ ಹಳೇ ಕುರ್ಚಿಯ ಗತಿ ಏನು ಅಂತಲೂ ನೋಡಬೇಕು. ಎರಡೇ ಪಕ್ಷ ಇರುವ ಕಡೆ ಇದು ಜಾಸ್ತಿ, ಯಾಕೆಂದರೆ ಒಬ್ಬರು ಕೈಕೊಟ್ಟರೆ ಹೋಗಿ ಕೇಳಲು ಮೂರನೇ ಪಕ್ಷವೇ ಇಲ್ಲ.

ಇನ್ನೊಂದು ವಿಷಯ ಬೇಗ ಹೇಳಿಬಿಡ್ತೀನಿ. ಮೊದಲೆಲ್ಲ ಇಂಥ ನೇಮಕಕ್ಕೆ ಎದುರು ಪಕ್ಷ ಹಟ ಹಿಡಿದರೆ 60 ಓಟು ಬೇಕಾಗುತ್ತಿತ್ತು. 2013ರಲ್ಲಿ ಡೆಮಾಕ್ರಟರು ಆ ನಿಯಮ ಮುರಿದರು, ಸುಪ್ರೀಂ ಕೋರ್ಟ್ ಒಂದನ್ನು ಬಿಟ್ಟು. 2017ರಲ್ಲಿ ರಿಪಬ್ಲಿಕನ್ನರು ಅದನ್ನೂ ಮುರಿದರು. ನನ್ನ ಪ್ರಕಾರ ಇಬ್ಬರದ್ದೂ ತಪ್ಪೇ. ಅದಾದ ಮೇಲೆ 2018ರಲ್ಲಿ ಬ್ರೆಟ್ ಕ್ಯಾವನಾ 50-48ರಲ್ಲಿ ಸುಪ್ರೀಂ ಕೋರ್ಟ್ ಸೇರಿದರು. ಅದು ಜೀವನಪೂರ್ತಿ ಇರುವ ಹುದ್ದೆ, ನೆನಪಿರಲಿ.

[ಸ್ಕ್ರೀನ್: ಕಪ್ಪು ಬಿಳುಪು ಚಿತ್ರ, ದಪ್ಪನೆಯ ಗಡ್ಡದ ಮನುಷ್ಯ]

ಈಗ ನನ್ನ ಫೇವರಿಟ್. ಇವರ ಹೆಸರು ಡೇವಿಡ್ ಡೇವಿಸ್. ಲಿಂಕನ್ ಅವರ ಗೆಳೆಯ, ಅವರೇ ಸುಪ್ರೀಂ ಕೋರ್ಟ್ ಜಡ್ಜ್ ಮಾಡಿದ್ದು.

1876ರ ಅಧ್ಯಕ್ಷ ಚುನಾವಣೆ. ಅಲ್ಲಿ ಅಧ್ಯಕ್ಷರನ್ನು ತೀರ್ಮಾನಿಸೋದು ಎಲೆಕ್ಟೋರಲ್ ಓಟು, ಅಂದರೆ ಪ್ರತಿ ರಾಜ್ಯದ ಪ್ರತಿನಿಧಿಗಳು ಹಾಕುವ ಓಟು. ಡೆಮಾಕ್ರಟ್ ಟಿಲ್ಡನ್‌ಗೆ ಅಂಥ 184, ಗೆಲ್ಲಲು ಬೇಕಾದದ್ದು 185. ರಿಪಬ್ಲಿಕನ್ ಹೇಯ್ಸ್‌ಗೆ 165. ಉಳಿದ 20 ಯಾರದ್ದು ಅಂತ ಜಗಳ. ತೀರ್ಮಾನಕ್ಕೆ 15 ಜನರ ಆಯೋಗ ಮಾಡಿದರು. 7 ಡೆಮಾಕ್ರಟರು, 7 ರಿಪಬ್ಲಿಕನ್ನರು, ಹದಿನೈದನೆಯವರು ಯಾವ ಪಕ್ಷಕ್ಕೂ ಅಂಟಿಕೊಳ್ಳದ ಡೇವಿಸ್ ಅಂತ ಎಲ್ಲರ ಅಂದಾಜು. ಅಷ್ಟರಲ್ಲಿ ಇಲಿನಾಯ್ ಶಾಸನಸಭೆಯಲ್ಲಿ ಡೆಮಾಕ್ರಟರು ಕೆಲವು ಪಕ್ಷೇತರರ ಜೊತೆ ಸೇರಿ ಇದೇ ಡೇವಿಸ್ ಅವರನ್ನು ಸೆನೆಟರ್ ಆಗಿ ಆರಿಸಿದರು. ಋಣ ತೀರಿಸುತ್ತಾರೆ ಅನ್ನೋ ಲೆಕ್ಕ ಇದ್ದಿರಬೇಕು. ಡೇವಿಸ್ ಏನು ಮಾಡಿದರು? ಸೆನೆಟ್ ಸೀಟು ಒಪ್ಪಿಕೊಂಡರು, ಆಯೋಗ ಬೇಡ ಅಂದರು! ಅವರ ಜಾಗಕ್ಕೆ ರಿಪಬ್ಲಿಕನ್ ಜಡ್ಜ್ ಬ್ರಾಡ್ಲಿ ಬಂದರು. 8-7. ಇಪ್ಪತ್ತೂ ಓಟು ಹೇಯ್ಸ್‌ಗೆ, 185-184.

ಕಥೆ ಮುಗೀಲಿಲ್ಲ. 1880ರ ಅಧ್ಯಕ್ಷ ಚುನಾವಣೆ ಜನರ ಓಟಿನ ಲೆಕ್ಕದಲ್ಲಿ ಇನ್ನೂ ಬಿಗಿ. ಸುಮಾರು 90 ಲಕ್ಷ ಓಟುಗಳಲ್ಲಿ ರಿಪಬ್ಲಿಕನ್ ಗಾರ್ಫೀಲ್ಡ್ ಮುಂದಿದ್ದದ್ದು 10 ಸಾವಿರಕ್ಕೂ ಕಡಿಮೆ. ಸೆನೆಟ್‌ನಲ್ಲಿ 37-37, ಜೊತೆಗೆ ಇಬ್ಬರು ಬಿಡಿ ಸದಸ್ಯರು. ಒಬ್ಬರು ನಮ್ಮ ಡೇವಿಸ್, ಡೆಮಾಕ್ರಟರ ಕಡೆ ವಾಲಿದರು. ಇನ್ನೊಬ್ಬರು ವರ್ಜೀನಿಯಾದ ವಿಲಿಯಂ ಮಹೋನ್. ಅವರು ರಿಪಬ್ಲಿಕನ್ನರ ಕಡೆ ಬಂದರು, ಸುಮ್ನೆ ಅಲ್ಲ, ಒಂದು ಸಮಿತಿಯ ಅಧ್ಯಕ್ಷತೆ ಮತ್ತು ವರ್ಜೀನಿಯಾದ ಸರ್ಕಾರಿ ಕೆಲಸಗಳನ್ನು ಹಂಚುವ ಅಧಿಕಾರಕ್ಕೆ. 38-38. ನಿರ್ಣಾಯಕ ಓಟು ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಅವರದ್ದು.

ಆ ಕಾಲದ ಬಂಗಾರದಂಥ ಹುದ್ದೆ ಅಂದರೆ ನ್ಯೂಯಾರ್ಕ್ ಬಂದರಿನ ಸುಂಕದ ಕಲೆಕ್ಟರ್. ದೇಶದ ಆಮದು ಸುಂಕದ ದೊಡ್ಡ ಪಾಲು ಬರುತ್ತಿದ್ದದ್ದು ಅಲ್ಲಿಂದಲೇ, ಸಾವಿರಕ್ಕೂ ಹೆಚ್ಚು ನೌಕರರು ಬೇರೆ. ಗಾರ್ಫೀಲ್ಡ್ ಆ ಹುದ್ದೆಗೆ ನ್ಯೂಯಾರ್ಕ್ ಸೆನೆಟರ್ ಕಾಂಕ್ಲಿಂಗ್ ಅವರ ಎದುರಾಳಿಯನ್ನೇ ಹಾಕಿದರು. ಅವರದ್ದೇ ಪಕ್ಷದ ಕಾಂಕ್ಲಿಂಗ್ ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿದರು, ಜೊತೆಗೆ ಇನ್ನೊಬ್ಬ ಸೆನೆಟರ್ ಪ್ಲಾಟ್ ಕೂಡ. ತಮ್ಮ ರಾಜ್ಯ ಮತ್ತೆ ಆರಿಸಿ ಕಳಿಸುತ್ತದೆ ಅಂದುಕೊಂಡಿದ್ದರು. ಕಳಿಸಲಿಲ್ಲ. ಒಂದು ಕಲೆಕ್ಟರ್ ಹುದ್ದೆಗೆ ಪಕ್ಷಕ್ಕೆ ಸೆನೆಟ್‌ನಲ್ಲಿ ಕೆಲವು ತಿಂಗಳು ಎರಡು ಓಟು ಖೋತಾ.

ಗೆದ್ದ ಅಂತರ ಚಿಕ್ಕದಾಗಿದ್ದರೆ ಗೆಲ್ಲಿಸಿದ್ದು ನಾನೇ ಅಂತ ಪ್ರತಿಯೊಬ್ಬರಿಗೂ ಅನ್ನಿಸುತ್ತದೆ. ಚಾರ್ಲ್ಸ್ ಗಿಟೋ ಅನ್ನೋ ವ್ಯಕ್ತಿಗೂ ಹಾಗೇ ಅನ್ನಿಸಿತ್ತು, ತನ್ನ ಒಂದು ಭಾಷಣವೇ ಗಾರ್ಫೀಲ್ಡ್‌ರನ್ನು ಗೆಲ್ಲಿಸಿತು ಅಂತ. ಪ್ಯಾರಿಸ್ ಕಾನ್ಸಲ್, ಅಂದರೆ ಅಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿಯ ಹುದ್ದೆ ಕೊಡಿ ಅಂತ ಕಾಗದದ ಮೇಲೆ ಕಾಗದ ಬರೆದ, ಕಚೇರಿಗಳಿಗೆ ಅಲೆದ. ಯಾರೂ ಕೇರ್ ಮಾಡಲಿಲ್ಲ. 1881ರ ಜುಲೈ 2ರಂದು ವಾಷಿಂಗ್ಟನ್ ರೈಲು ನಿಲ್ದಾಣದಲ್ಲಿ ಅಧ್ಯಕ್ಷರಿಗೆ ಗುಂಡು ಹೊಡೆದ. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡರು.

ಆರ್ಥರ್ ಅಧ್ಯಕ್ಷರಾದರು. ತಮಾಷೆ ನೋಡಿ, ಹಿಂದೆ ಅದೇ ನ್ಯೂಯಾರ್ಕ್ ಕಲೆಕ್ಟರ್ ಆಗಿದ್ದು ಕೆಲಸದಿಂದ ತೆಗೆಸಿಕೊಂಡವರು ಅವರು. ಪರೀಕ್ಷೆ ಬರೆದು ಸರ್ಕಾರಿ ಕೆಲಸಕ್ಕೆ ಸೇರುವ ಕಾನೂನಿಗೆ 1883ರಲ್ಲಿ ಸಹಿ ಹಾಕಿದವರೂ ಅವರೇ.

ಆದರೆ ಆರ್ಥರ್ ಅಧ್ಯಕ್ಷರಾದಾಗ ಉಪಾಧ್ಯಕ್ಷರ ಕುರ್ಚಿ ಖಾಲಿಯಾಯಿತು, ಅದನ್ನು ಮಧ್ಯದಲ್ಲಿ ತುಂಬುವ ದಾರಿ ಆಗ ಇರಲಿಲ್ಲ. ನಿರ್ಣಾಯಕ ಓಟೂ ಹೋಯಿತು. ಸೆನೆಟ್ ಮತ್ತೆ ಸಮ ಸಮ. ಕೊನೆಗೆ ಅಕ್ಟೋಬರ್‌ನಲ್ಲಿ ಸೆನೆಟ್‌ನ ಹಂಗಾಮಿ ಅಧ್ಯಕ್ಷರನ್ನಾಗಿ ಒಬ್ಬರನ್ನು ಕೂರಿಸಿದರು. ಆಗಿನ ಕಾನೂನಿನ ಪ್ರಕಾರ ಆರ್ಥರ್‌ಗೆ ಏನಾದರೂ ಆದರೆ ದೇಶ ನಡೆಸಬೇಕಾದವರು ಇವರೇ.

[ಸ್ಕ್ರೀನ್: ಅದೇ ದಪ್ಪನೆಯ ಗಡ್ಡದ ಮನುಷ್ಯ]

ಹೌದು, ಡೇವಿಡ್ ಡೇವಿಸ್.