ಕಪ್ಪು ಗೆರೆ ಅಂಗಡಿಯದು, ಬಣ್ಣ ಮನೆಯದು

ಕೇಳುಗರಿಗೆ ನಮಸ್ಕಾರ.

ಅಷ್ಟಮಿ, ಚೌತಿ, ಕ್ರೈಸ್ತರ ತೆನೆಹಬ್ಬವಾದ ಮೊಂತಿ ಹಬ್ಬ, ನವರಾತ್ರಿ, ದೀಪಾವಳಿ, ಕ್ರಿಸ್ಮಸ್. ನಮ್ಮ ಕರಾವಳಿಯಲ್ಲಿ ಮಳೆಯ ಅಬ್ಬರ ತಗ್ಗತೊಡಗಿದರೆ ಸಾಕು, ವರ್ಷದ ಕೊನೆಯವರೆಗೂ ಹಬ್ಬಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಯಾರಿಗಾದರೂ ಏನಾದರೂ ಕೊಡಬೇಕು, ರಜೆಯಲ್ಲಿರುವ ಮಕ್ಕಳ ಕೈಗೆ ಏನಾದರೂ ಕೆಲಸ ಹಚ್ಚಬೇಕು. ಅಂಗಡಿಯಲ್ಲಿ ಶುಭಾಶಯ ಪತ್ರವನ್ನು ಎತ್ತಿಕೊಂಡು, ಹಿಂದೆ ತಿರುಗಿಸಿ ಬೆಲೆ ನೋಡಿ, ಮೆಲ್ಲಗೆ ಅಲ್ಲೇ ಇಟ್ಟು ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಈ ಮಾತು ಅವರಿಗಾಗಿ. ಮನೆಯಲ್ಲಿ ಚಿತ್ರ ಸಿದ್ಧಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದು, ಕತ್ತರಿಸಿ ಮಡಚಿ ಹಬ್ಬದ ಕಾರ್ಡು, ಮುಖವಾಡ, ಗೂಡುದೀಪ, ಉಡುಗೊರೆಯ ಪೆಟ್ಟಿಗೆ ಮಾಡುವುದು ಹೇಗೆಂದು ಹೇಳುತ್ತೇನೆ.

ಮೊದಲಿಗೇ ಒಂದು ಮಾತು: ಬಣ್ಣದ ಪ್ರಿಂಟ್ ತೆಗೆಸಬೇಡಿ. ಕಪ್ಪು ಬಿಳುಪಿನ ಹಲವು ಹಾಳೆಗಳಿಗೆ ಆಗುವ ಖರ್ಚು ಬಣ್ಣದ ಒಂದೇ ಹಾಳೆಗೆ ಆಗುತ್ತದೆ. ಅಷ್ಟು ಕೊಟ್ಟರೂ ಸಾಧಾರಣ ಕಾಗದದ ಮೇಲೆ ಆ ಬಣ್ಣ ಮಂಕಾಗಿಯೇ ಕಾಣುತ್ತದೆ. ಯಂತ್ರ ಕಪ್ಪು ಗೆರೆಯನ್ನಷ್ಟೇ ಕೊಡಲಿ. ಬಣ್ಣವನ್ನು ಮನೆಯವರು ಹಾಕಲಿ.

ಇದು ಜಿಪುಣರ ಉಪಾಯವೆಂದು ಮೂಗು ಮುರಿಯುವವರಿಗೆ ಒಂದು ಹಳೆಯ ಸಂಗತಿ. ಮುದ್ರಿತ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಹೀಗೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್, ಹಬ್ಬದ ಪತ್ರಗಳಿಗೆಲ್ಲ ಒಂದೊಂದಾಗಿ ಉತ್ತರ ಬರೆಯಲು ಪುರುಸೊತ್ತಿಲ್ಲದೆ, ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿದರು. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದಲೇ ಬಣ್ಣ ಹಾಕಿಸಿದರು. ಯಾರಿಗೆ, ಯಾರಿಂದ ಎಂದು ಬರೆಯಲು ಜಾಗ ಖಾಲಿ ಬಿಟ್ಟಿದ್ದರು. ಮಾರಾಟದ ಬೆಲೆ ಒಂದು ಶಿಲ್ಲಿಂಗ್. ಆ ಕಾಲದ ಬಡವರಿಗೆ ಅದು ಎಟುಕುವ ಬೆಲೆಯಲ್ಲ. ಚಿತ್ರದಲ್ಲಿ ಮನೆಮಂದಿಯೆಲ್ಲ ಸೇರಿ ಪುಟ್ಟ ಮಗುವಿಗೂ ವೈನ್ ಕುಡಿಸುತ್ತಿದ್ದುದರಿಂದ ಪಾನವಿರೋಧಿಗಳು ಸಿಟ್ಟಾದರಂತೆ. ಅದಿರಲಿ. ಅದೇ 1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದೂ ಕಲ್ಲಚ್ಚಿನದೇ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡುಮಸಿಯಲ್ಲಿ ಬರೆದು ನೀರು ಸವರಿದರೆ, ಜಿಡ್ಡು ಇದ್ದಲ್ಲಿ ಮಾತ್ರ ಅಚ್ಚಿನ ಮಸಿ ಹಿಡಿಯುತ್ತದೆ, ಒದ್ದೆ ಇದ್ದಲ್ಲಿ ಹಿಡಿಯುವುದಿಲ್ಲ. ಅಚ್ಚಿನ ಮೊಳೆ ಬೇಕಿಲ್ಲ, ಕೈಬರಹವೇ ಸಾಕು. ಇವತ್ತು ನಾವು ಬಿಳಿ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಬರೆದು, ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಅಂಗಡಿಗೆ ಕಳುಹಿಸಿದರೆ ಅಷ್ಟೇ ಕೆಲಸ ಆಗುತ್ತದೆ.

ಆದರೆ ಏನನ್ನು ಬರೆಯುವುದು? ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಚಿತ್ರಗಳಲ್ಲಿ ಹಿಮ ಸುರಿಯುತ್ತಿರುತ್ತದೆ, ಪೈನ್ ಮರ ನಿಂತಿರುತ್ತದೆ. ಡಿಸೆಂಬರಿನಲ್ಲೂ ಫ್ಯಾನಿನ ಕೆಳಗೆ ಕುಳಿತು ಬೆವರೊರೆಸಿಕೊಳ್ಳುವ ನಾವು ಹಿಮದ ಚಿತ್ರ ಕೊಟ್ಟು ಯಾರನ್ನು ನಂಬಿಸಬೇಕು? ಮನೆಯ ಮುಂದೆ ತೂಗುವ ನಕ್ಷತ್ರ, ಯೇಸು ಹುಟ್ಟಿದ ಕೊಟ್ಟಿಗೆಯಂತೆ ಮಾಡಿ ಭತ್ತದ ಮೊಳಕೆ ಹಾಕಿ ಸಿಂಗರಿಸಿದ ಗೋದಲಿ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ, ಇವು ನಮ್ಮ ಕ್ರಿಸ್ಮಸ್. ಅಷ್ಟಮಿಗೆ ಉಡುಪಿಯ ರಥಬೀದಿಯ ಮೊಸರು ಕುಡಿಕೆ, ನವರಾತ್ರಿಗೆ ಹುಲಿವೇಷ, ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ. ಬರೆಯಲು ಬಾರದಿದ್ದರೆ ಹಳೆಯ ಚಿತ್ರಗಳನ್ನು ಬಳಸಬಹುದು. ನಮ್ಮ ಕಾನೂನಿನಂತೆ ಕಲಾವಿದರು ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಉಳಿಯುವುದಿಲ್ಲ. ರಾಜಾ ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಅಂತರ್ಜಾಲದ ಹೊಸ ಚಿತ್ರವಾದರೆ, ಸ್ವಂತ ಬಳಕೆಗೆ ಮಾತ್ರ ಎಂದು ಬರೆದಿದೆಯೇ ನೋಡಿ. ಹಾಗಿದ್ದರೆ ಶಾಲೆಯ ಮೇಳದಲ್ಲಿ ಅದನ್ನು ಮಾರುವಂತಿಲ್ಲ.

ಕನ್ನಡದಲ್ಲಿ ಶುಭಾಶಯ ಬರೆಯುವವರು ಗಮನಿಸಿ. ಎಲ್ಲ ಕಂಪ್ಯೂಟರುಗಳೂ ಒಪ್ಪುವ ಯೂನಿಕೋಡ್ ಎಂಬ ಅಕ್ಷರ ಸಂಕೇತದ್ದಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿ ಹಾಗೆಯೇ ಅಂಗಡಿಗೆ ಕೊಟ್ಟರೆ, ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದಾಗ ‘ಹಬ್ಬದ ಶುಭಾಶಯಗಳು’ ಎಂಬುದು ಯಾರೂ ಓದಲಾರದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಹೊಸ ಫಾಂಟಿನಲ್ಲೂ ಕೆಲವೊಮ್ಮೆ ಒತ್ತಕ್ಷರ ಬಿಡಿಬಿಡಿಯಾಗಿ ಕೂರುತ್ತದೆ. ಯೂನಿಕೋಡ್‌ನಲ್ಲಿ ಬರೆದು, ಪಿಡಿಎಫ್ ಮಾಡಿ, ಒಮ್ಮೆ ಓದಿ ನೋಡಿ ಕೊಡಿ. ಇಲ್ಲವೇ ಶುಭಾಶಯವನ್ನೂ ಕೈಯಲ್ಲೇ ಬರೆದುಬಿಡಿ. ನನಗೆ ಅದೇ ಹೆಚ್ಚು ಇಷ್ಟ.

ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಕೇಳಿ. ಲೇಸರಿನಲ್ಲಿ ಮಸಿಯ ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಅಂಟುತ್ತದೆ. ಮೇಲೆ ಜಲವರ್ಣ ಹಚ್ಚಿದರೂ ಗೆರೆ ಕದಡುವುದಿಲ್ಲ. ಮನೆಯ ಅನೇಕ ಇಂಕ್‌ಜೆಟ್ ಯಂತ್ರಗಳ ಮಸಿ ನೀರು ತಾಗಿದರೆ ಹರಡುತ್ತದೆ, ನಮ್ಮ ಮಳೆಗಾಲದ ಬೆವರುಗೈ ತಾಗಿದರೂ ಸಾಕು. ಜೆರಾಕ್ಸಿನ ಮಾಮೂಲು ಕಾಗದ 70 ಅಥವಾ 80 ಜಿಎಸ್ಎಂ, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಕ. ಅದಕ್ಕೆ ಬಣ್ಣದ ಪೆನ್ಸಿಲೇ ಸರಿ, ನೀರು ಬಿದ್ದರೆ ಸುಕ್ಕುಗಟ್ಟುತ್ತದೆ. ಕಾರ್ಡಿಗೆ 200 ಜಿಎಸ್ಎಂ ಹಾಳೆ ಕೇಳಿ. ತಂದ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಿ. ಮಳೆ ಜಡಿಯುವ ಆಟಿ ತಿಂಗಳಲ್ಲಿ ಹೊರಗೆ ಬಿಟ್ಟ ಕಾಗದ ಹಪ್ಪಳದಂತೆ ಮುದುಡುತ್ತದೆ.

ದಪ್ಪ ಹಾಳೆಯನ್ನು ಸುಮ್ಮನೆ ಮಡಚಿದರೆ ಮಡಿಕೆ ಒಡೆಯುತ್ತದೆ. ಎ4 ಹಾಳೆಯ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡುತ್ತದೆ, ಇಡೀ ಹಾಳೆಯನ್ನು ಅರ್ಧಕ್ಕೆ ಮಡಚಿ ಕಾರ್ಡು ಮಾಡುವಾಗ ನಾವು ಮಡಚುವುದು ಅದಕ್ಕೆ ಅಡ್ಡವಾಗಿ. ಮಸಿ ಮುಗಿದ ಬಾಲ್ ಪೆನ್ನು ಹಿಡಿದು, ಅಳತೆಪಟ್ಟಿ ಇಟ್ಟು ಒಮ್ಮೆ ಒತ್ತಿ ಎಳೆಯಿರಿ. ಆಮೇಲೆ ಮಡಚಿ. ಮಡಿಕೆ ಬರುವಲ್ಲಿ ಕಪ್ಪು ತುಂಬಬೇಡಿ, ಲೇಸರಿನ ಮಸಿ ಅಲ್ಲಿ ಉದುರುತ್ತದೆ.

ಹುಲಿಯ ಮುಖವಾಡ ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯ. ಎ4 ಹಾಳೆಯಲ್ಲಿ ಬರೆದ ಮುಖವನ್ನು ಜೆರಾಕ್ಸ್ ಯಂತ್ರದಲ್ಲಿ 141 ಶೇಕಡಕ್ಕೆ ಹಿಗ್ಗಿಸಿದರೆ ಸರಿಯಾಗಿ ಎ3 ಹಾಳೆ ತುಂಬುತ್ತದೆ. ಹಳೆಯ ಬಿಸ್ಕತ್ತು ಡಬ್ಬದ ರಟ್ಟಿಗೆ ಅಂಟಿಸಿ. ಪಟ್ಟೆಗಳ ಗೆರೆ ಮಾತ್ರ ಕೊಡಿ. ಹಳದಿಯೋ ಕಪ್ಪೋ ಬಿಳಿಯೋ, ಯಾವ ಹುಲಿ ಎಂಬುದನ್ನು ಹುಡುಗರೇ ತೀರ್ಮಾನಿಸುತ್ತಾರೆ. ಬ್ಯಾಂಡಿನ ಸದ್ದು ಕಿವಿಗೆ ಬಿದ್ದ ಮೇಲೆ ಅವರಿಗೆ ಹೇಳಿಕೊಡಬೇಕಾದ್ದು ಏನೂ ಉಳಿಯುವುದಿಲ್ಲ.

ಗೂಡುದೀಪಕ್ಕಂತೂ ಕಪ್ಪು ಪ್ರಿಂಟೇ ಚೆನ್ನ. ಬಿದಿರಿನ ಕಡ್ಡಿ, ಮೈದಾ ಅಂಟು, ಬಣ್ಣದ ಕಾಗದ ಹೇಗೂ ಇರುತ್ತವೆ. ನಡುವಿನ ಚೌಕಗಳಿಗೆ ತೆಳು ಬಿಳಿ ಹಾಳೆಯಲ್ಲಿ ಯಕ್ಷಗಾನದ ಕಿರೀಟ, ತೇರು, ದೋಣಿಯ ಕಪ್ಪು ಆಕೃತಿ ಮುದ್ರಿಸಿ ಅಂಟಿಸಿ. ಒಳಗೆ ದೀಪ ಹಚ್ಚಿದಾಗ ಬಣ್ಣದ ಮುದ್ರಣ ಮಾಸಿದಂತೆ ಕಾಣುತ್ತದೆ, ಕಪ್ಪು ಆಕೃತಿ ಎದ್ದು ನಿಲ್ಲುತ್ತದೆ. ಎಲ್ಇಡಿ ಬಲ್ಬನ್ನೇ ಹಾಕಿ, ಕಾಗದದ ಗೂಡಿಗೆ ಮೇಣದಬತ್ತಿ ಬೇಡ.

ಕುಸ್ವಾರ್ ಹಂಚಲು ಪುಟ್ಟ ಪೆಟ್ಟಿಗೆ ಬೇಕೆಂದರೆ ಅಳತೆಯ ನಕ್ಷೆಯನ್ನು ಮುದ್ರಿಸಬೇಕು. ಇಲ್ಲಿ ಅಂಗಡಿಯವರಿಗೆ ‘100 ಶೇಕಡ’ ಎಂದು ಒತ್ತಿ ಹೇಳಿ. ಅವರು ರೂಢಿಯಂತೆ ಪುಟಕ್ಕೆ ಹೊಂದಿಸಿಬಿಟ್ಟರೆ ಪೆಟ್ಟಿಗೆ ಸಣ್ಣದಾಗುತ್ತದೆ, ಸಣ್ಣ ಉಂಡೆಯಂಥ ಗುಳಿಯೊ ಹಿಡಿದರೂ ಕರ್ಜಿಕಾಯಿಯಂಥ ನೆವ್ರಿ ಹಿಡಿಯುವುದಿಲ್ಲ. ಒಳಗೆ ಬಟರ್ ಪೇಪರ್ ಹಾಸಿ, ಮುದ್ರಿಸಿದ ಮುಖ ತಿಂಡಿಗೆ ತಾಗಬಾರದು.

ಅಂಚೆಯಲ್ಲಿ ಕಳುಹಿಸುವವರಿಗೆ ಒಂದು ಲೆಕ್ಕ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಅಂದರೆ ಜಿಎಸ್ಎಂ ಅನ್ನು 16ರಿಂದ ಭಾಗಿಸಿದರೆ ಒಂದು ಹಾಳೆಯ ತೂಕ ಗ್ರಾಂಗಳಲ್ಲಿ ಸಿಗುತ್ತದೆ. 200 ಜಿಎಸ್ಎಂ ಹಾಳೆ ಹನ್ನೆರಡೂವರೆ ಗ್ರಾಂ. ಅದನ್ನು ಅರ್ಧಕ್ಕೆ ಕತ್ತರಿಸಿ ಎರಡು ಕಾರ್ಡು ಮಾಡಿದರೆ ಒಂದೊಂದೂ ಲಕೋಟೆ ಸಮೇತ 20 ಗ್ರಾಂ ಒಳಗೇ ಇರುತ್ತದೆ, ಸಾಧಾರಣ ಪತ್ರದ ಅಂಚೆಚೀಟಿ ಸಾಕು. ಮಿಂಚು, ಮಣಿ, ಗುಂಡಿ ಅಂಟಿಸಿದರೆ ಆ ಲೆಕ್ಕ ತಪ್ಪುತ್ತದೆ, ಮುದ್ರೆ ಒತ್ತುವಾಗ ಗುಂಡಿಯೂ ಒಡೆಯುತ್ತದೆ. ಮುಂಬಯಿಗೋ ದುಬಾಯಿಗೋ ಹೋಗಬೇಕಾದ ಕಾರ್ಡಿದ್ದರೆ ಡಿಸೆಂಬರ್ ಮೊದಲ ವಾರದಲ್ಲೇ ಡಬ್ಬಿಗೆ ಹಾಕಿ. ದುಬಾಯಿಗೆ ಅಂಚೆಚೀಟಿ ಬೇರೆ, ಕೌಂಟರಿನಲ್ಲಿ ಕೇಳಿ ಹಚ್ಚಿ.

ನಮಸ್ಕಾರ.