ರುಜು ಹಾಕಿಸಿಕೊಂಡು ಮಾಡಿದ ದರೋಡೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾಜಿಗಳೆಂದರೆ ನಮಗೆ ಸೆರೆಶಿಬಿರಗಳೇ ನೆನಪಾಗುತ್ತವೆ. ಅದರ ಜೊತೆಗೇ ರುಜು, ಮೊಹರುಗಳ ಬಲದಿಂದ ನಡೆದ ದರೋಡೆಯೊಂದಿದೆ. ಬಟ್ಟೆ ವ್ಯಾಪಾರದಲ್ಲಿರುವವರು ದಯವಿಟ್ಟು ಕಿವಿಗೊಟ್ಟು ಕೇಳಬೇಕು.

ಕಾರ್ಲ್ ಆಮ್ಸನ್ ಜೋಯೆಲ್ ಎಂಬ ಯಹೂದಿ ವ್ಯಾಪಾರಿ 1928ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹೊಸ ಬಗೆಯ ಜವಳಿ ವ್ಯಾಪಾರ ಆರಂಭಿಸಿದರು. ಕ್ಯಾಟಲಾಗ್ ನೋಡಿ ಕಾಗದ ಬರೆದರೆ ಸಾಕು, ಬಟ್ಟೆಬರೆ ಅಂಚೆಯಲ್ಲಿ ಗಿರಾಕಿಯ ಮನೆಗೇ ಬರುತ್ತಿತ್ತು. ವ್ಯಾಪಾರ ಭರದಿಂದ ಬೆಳೆಯಿತು. ಆದರೆ ಅದೇ ಊರಿನಲ್ಲಿ ಯೂಲಿಯಸ್ ಸ್ಟ್ರೈಶರ್ ಎಂಬ ನಾಜಿ ಮುಖಂಡನಿದ್ದ. ತನ್ನ ಪತ್ರಿಕೆಯಲ್ಲಿ ಜೋಯೆಲ್ ವಿರುದ್ಧ ವಿಷ ಕಾರಿದ. ಕಾಟ ತಾಳಲಾರದೆ 1934ರಲ್ಲಿ ಜೋಯೆಲ್ ಬರ್ಲಿನ್‌ಗೆ ಹೋದರು.

1938ರಲ್ಲಿ 26 ವರ್ಷದ ಯೋಸೆಫ್ ನೆಕರ್‌ಮನ್ ಎಂಬಾತ ಜೋಯೆಲ್ ಅವರ ಸಂಸ್ಥೆಯನ್ನು ಕೊಳ್ಳಲು ಬಂದ. ಕರಾರಿನಲ್ಲಿ ಬರೆದ ಬೆಲೆ ಸುಮಾರು 23 ಲಕ್ಷ ಮಾರ್ಕ್. ಸಂಸ್ಥೆಯ ನಿಜವಾದ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ಜೋಯೆಲ್ ರುಜು ಹಾಕಿದರು. ಪ್ರಾಣ ಉಳಿದರೆ ಸಾಕೆಂದು ದಂಪತಿ ಸ್ವಿಟ್ಜರ್ಲೆಂಡಿಗೆ ಪಾರಾದರು. ಅಲ್ಲಿ ಕುಳಿತು ಹಣಕ್ಕಾಗಿ ಕಾದರು. ಹಣ ಹೋಗಿ ಸೇರಿದ್ದು ಬರ್ಲಿನ್‌ನ ಬ್ಯಾಂಕ್ ಖಾತೆಗೆ. ಅದರಿಂದ ಒಂದು ಬಿಡಿಗಾಸನ್ನೂ ತೆಗೆಯಲು ಅವರಿಗೆ ಆಗಲಿಲ್ಲ. ಇತ್ತ ನೆಕರ್‌ಮನ್ ಜೋಯೆಲ್ ಕುಟುಂಬ ವಾಸವಿದ್ದ ಮನೆಗೇ ಬಂದು ಸಂಸಾರ ಹೂಡಿದ! ಕರಾರಿತ್ತು, ಬೆಲೆಯಿತ್ತು, ಬ್ಯಾಂಕಿತ್ತು. ಆದರೂ ಅದು ದರೋಡೆ.

"ಮಾರದೆ ಇರಬಹುದಿತ್ತಲ್ಲ" ಎನ್ನುವವರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಆ ವರ್ಷ ಏಪ್ರಿಲ್‌ನಲ್ಲೇ 5,000 ಮಾರ್ಕ್‌ಗಿಂತ ಹೆಚ್ಚು ಆಸ್ತಿಯುಳ್ಳ ಯಹೂದಿಗಳು ಪೂರ್ತಿ ಲೆಕ್ಕ ಒಪ್ಪಿಸಬೇಕೆಂಬ ಆಜ್ಞೆ ಬಂದಿತ್ತು. ನವೆಂಬರ್‌ನಲ್ಲಿ ಅಂಗಡಿ ಇಡುವುದನ್ನೇ ನಿಷೇಧಿಸಿದರು. ದೇಶ ಬಿಡುವವರ ಆಸ್ತಿಯಲ್ಲಿ ಕಾಲುಭಾಗ ತೆರಿಗೆಗೇ ಹೋಗುತ್ತಿತ್ತು. ಇಂಥ ಕಡೆ ಒಪ್ಪಿಗೆ ಎಲ್ಲಿಂದ ಬರಬೇಕು? ದರೋಡೆ, ಮತ್ತೇನೂ ಅಲ್ಲ.

ಸಮಯ ಮುಗಿಯುತ್ತಾ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾರ್ಲ್ ಕ್ಯೂಬಾ ಮೂಲಕ ಅಮೆರಿಕ ಸೇರಿದರು. ಅವರ ತಮ್ಮ ಲಿಯೋನ್ 1939ರಲ್ಲಿ ಹೆಂಡತಿ ಮಗನೊಂದಿಗೆ ಸೇಂಟ್ ಲೂಯಿಸ್ ಹಡಗು ಹತ್ತಿದ್ದರು. ಕ್ಯೂಬಾ ಅವರನ್ನು ಇಳಿಸಿಕೊಳ್ಳಲಿಲ್ಲ. ಹಡಗು ಯೂರೋಪಿಗೆ ಮರಳಿತು. ಲಿಯೋನ್ ದಂಪತಿಯನ್ನು ನಾಜಿಗಳು ಆಶ್ವಿಟ್ಸ್ ಸೆರೆಶಿಬಿರದಲ್ಲಿ ಕೊಂದರು. ಅಮೆರಿಕದ ಗಾಯಕ ಬಿಲ್ಲಿ ಜೋಯೆಲ್ ಇದೇ ಕಾರ್ಲ್ ಅವರ ಮೊಮ್ಮಗ.

ನೆಕರ್‌ಮನ್? ಯುದ್ಧ ಮುಗಿದ ಮೇಲೆ, 1950ರಲ್ಲಿ, ಮತ್ತೆ ಅಂಚೆ ವ್ಯಾಪಾರವನ್ನೇ ತೆರೆದ. ಪಶ್ಚಿಮ ಜರ್ಮನಿಯ ಮನೆಮಾತಾದ. ಕುದುರೆ ಸವಾರಿಯಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದ. ಜೋಯೆಲ್ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 1957ರಲ್ಲಿ ರಾಜಿಯಾಗಿ ಸುಮಾರು 20 ಲಕ್ಷ ಮಾರ್ಕ್ ಕೈಸೇರಿತು. ಸಂಸ್ಥೆ ಮಾತ್ರ ಮರಳಿ ಬರಲಿಲ್ಲ. ನಮಸ್ಕಾರ.