ರೈಲಿಗೆ ಸೇತುವೆ, ನಮಗೆ ದೋಣಿ

ಈ ಶಾಟ್ ನೋಡಿ. ಎಡಗಡೆ ಮೂಲೆಯಲ್ಲಿ, ಟೆಂಟಿನ ಹಗ್ಗದ ಪಕ್ಕ, ಒಂದು ಹಿತ್ತಾಳೆ ಚೆಂಬು ಇದೆಯಲ್ಲ? ಅದನ್ನ ನೆನಪಿಟ್ಟುಕೊಳ್ಳಿ. ಆಮೇಲೆ ಹೇಳುತ್ತೇನೆ.

ನಾವು ಆರು ಜನ. ಎಲ್ಲರೂ ಶಿರಸಿಯವರು, ಅಂದರೆ ರೈಲಿಲ್ಲದ ಊರಿನವರು. ಸಣ್ಣವರಿದ್ದಾಗ ರೈಲು ನೋಡಬೇಕು ಅಂದರೆ ಘಟ್ಟದ ಕೆಳಗಿನ ನೆಂಟರ ಮನೆಗೇ ಹೋಗಬೇಕಿತ್ತು. ಹೊರದೇಶಗಳಲ್ಲಿ ರೈಲು ನಿಂತುಹೋದ ಮಾರ್ಗದ ಹಳಿ ಕಿತ್ತು, ಆ ದಾರಿಯನ್ನು ಸೈಕಲ್‌ನವರಿಗೆ ಬಿಟ್ಟುಕೊಡುತ್ತಾರೆ. ರೈಲ್ ಟ್ರೇಲ್ ಅಂತ ಹೆಸರು. ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ, ಹಾಗಾಗಿ ಅಲ್ಲಿ ಸೈಕಲ್ ತುಳಿಯುವುದೂ ಸಲೀಸು. ಅಂಥ ವಿಡಿಯೋ ನೋಡಿ ನಮ್ಮಲ್ಲಿ ಒಬ್ಬನಿಗೆ ಹುಚ್ಚು ಹತ್ತಿತು. ಆದರೆ ನಮ್ಮಲ್ಲಿ ಕೀಳೋಕೆ ಹಳಿ ಎಲ್ಲಿದೆ ಮಾರಾಯ್ರೇ? ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1999ರಲ್ಲಿ ಅಡಿಗಲ್ಲು ಬಿತ್ತು, ಅಂಕೋಲೆಗೆ ಆ ರೈಲು ಇನ್ನೂ ಬಂದಿಲ್ಲ. ಕರಾವಳಿಯಲ್ಲಿ ಇರುವುದೊಂದು ಕೊಂಕಣ ರೈಲು. ಅದು 1998ರಿಂದ ಪೂರ್ತಿ ಓಡುತ್ತಿದೆ. ಅದರ ಹಳಿ ತುಳಿಯುವ ಹಾಗಿಲ್ಲ. ಸರಿ, ಅದರ ಜೊತೆಜೊತೆಗೇ ಹೋಗೋಣ, ಕಾರವಾರದಿಂದ ಹೊನ್ನಾವರದ ತನಕ ಅಂತ ಆಯಿತು.

ಅಕ್ಟೋಬರ್ ಕೊನೆಯ ಶನಿವಾರ, ಬೆಳಿಗ್ಗೆ ಆರೂವರೆ. ಟೆಂಟನ್ನು ಕ್ಯಾರಿಯರ್‌ಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದೇವೆ. ಕಾರವಾರ ದಾಟುತ್ತಲೇ ಗೊತ್ತಾಯಿತು, ರೈಲಿನ ದಾರಿ ಬೇರೆ, ನಮ್ಮ ದಾರಿ ಬೇರೆ. ಅದು ಗುಡ್ಡದೊಳಗೆ ಸುಮಾರು 3 ಕಿ.ಮೀ. ಸುರಂಗ ಹೊಕ್ಕು ಆಚೆ ಬರುತ್ತದೆ. ನಾವು ಬಿಣಗಾ ಕಡೆಯ ಏರಿನಲ್ಲಿ ಏದುಸಿರು ಬಿಡುತ್ತೇವೆ. ಹಿಂದಿನಿಂದ ಬರುವ ಲಾರಿಗಳ ಗಾಳಿಗೇ ಹ್ಯಾಂಡಲ್ ಅಲ್ಲಾಡುತ್ತದೆ. ಹೆದ್ದಾರಿಯಲ್ಲಿ ಸೈಕಲ್ ತುಳಿಯುವುದು ಸುಖ ಅಂತ ನಾನು ಹೇಳುವುದಿಲ್ಲ.

ಅಂಕೋಲಾ ದಾಟಿದ ಮೇಲೆ ಶಿರೂರು. ಇಲ್ಲಿ ನಾನು ಕ್ಯಾಮೆರಾ ಆಫ್ ಮಾಡಿದ್ದೆ. 2024ರ ಜುಲೈ 16ರಂದು ಗುಡ್ಡ ಜರಿದು, ಹೆದ್ದಾರಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಯ ಕಡೆ ತಳ್ಳಿದ ಜಾಗ. ಯಾರೂ ಮಾತಾಡಲಿಲ್ಲ. ಮಾದನಗೇರಿಯಲ್ಲಿ ಗೋಕರ್ಣದ ಕಡೆ ತಿರುಗುವ ತನಕ ಬರೀ ಚೈನಿನ ಸದ್ದು.

ರಾತ್ರಿ ಉಳಿದದ್ದು ತದಡಿಯ ಹತ್ತಿರ ಒಬ್ಬ ಅಜ್ಜಿಯ ತೋಟದಲ್ಲಿ. ಬೀಚಿನಲ್ಲಿ ಟೆಂಟ್ ಹಾಕಿ ಪೊಲೀಸರಿಂದ ಎಬ್ಬಿಸಿಕೊಳ್ಳುವುದಕ್ಕಿಂತ ಕೇಳಿ ಉಳಿಯುವುದೇ ಒಳ್ಳೆಯದು. ಒಳ್ಳೇ ಸಮತಟ್ಟಾದ ಜಾಗ ನೋಡಿ ತೆಂಗಿನ ಮರದ ಬುಡದಲ್ಲಿ ಗೂಟ ಹೊಡೆಯುತ್ತಿದ್ದೆವು. ಅಜ್ಜಿ ಜಗಲಿಯಿಂದಲೇ ಕೂಗಿದರು: "ಅಲ್ಲಿ ಬ್ಯಾಡ್ರೋ, ತಲೆ ಮೇಲೆ ಕಾಯಿ ಬಿದ್ರೆ ವಿಡಿಯೋ ಮಾಡೂಕೆ ಯಾರಿರ್ತೀರಿ?" ಗೂಟ ಕಿತ್ತು ಅಂಗಳಕ್ಕೆ ಬಂದೆವು. ಒಂಬತ್ತು ಗಂಟೆಗೆ ಗುಡುಗು, ಮಳೆ. ಇನ್ನೂ ಚೌತಿ ಮುಗಿದಿಲ್ಲವೇನೋ ಅನ್ನುವಂಥ ಮಳೆ. ಅಜ್ಜಿ ಒಂದು ಚೆಂಬಿನಲ್ಲಿ ಬಿಸಿನೀರು ತಂದು ಟೆಂಟಿನ ಬಾಗಿಲಲ್ಲಿ ಇಟ್ಟು ಹೋದರು. ಹತ್ತು ನಿಮಿಷಕ್ಕೆ ಢಬ್ ಅಂತ ಸದ್ದು. ಬೆಳಿಗ್ಗೆ ಟಾರ್ಚ್ ಬೇಕಾಗಲಿಲ್ಲ, ಮೊದಲು ಟೆಂಟ್ ಹಾಕಲು ಹೊರಟಿದ್ದ ಜಾಗದಲ್ಲಿ ತೆಂಗಿನಕಾಯಿ ಅರ್ಧ ಮಣ್ಣಲ್ಲಿ ಹೂತಿತ್ತು.

ಭಾನುವಾರ ತದಡಿ ದಕ್ಕೆ. ರೈಲಿಗಾದರೆ ಮೇಲೆ ಮಿರ್ಜಾನಿನ ಹತ್ತಿರ ಸೇತುವೆ ಇದೆ, ಅಘನಾಶಿನಿ ನದಿ ದಾಟಿದ್ದೇ ಪ್ರಯಾಣಿಕರಿಗೆ ಗೊತ್ತಾಗುವುದಿಲ್ಲ. ನಮಗೆ ದೋಣಿ. ಒಂದೊಂದೇ ಸೈಕಲ್ ಎತ್ತಿ ಕೊಡಬೇಕು, ಮುಂದಿನ ಚಕ್ರ ಹಿಡಿಯುವವ ದೋಣಿಯಲ್ಲಿ, ಹಿಂದಿನದು ಹಿಡಿಯುವವ ದಕ್ಕೆಯ ಮೇಲೆ. ನಡುವೆ ಒಂದು ಮೊಳ ನೀರು. ನನ್ನ ಬಿಳಿ ಅಂಗಿಯ ಮೇಲೆ ಚೈನಿನ ಎಣ್ಣೆ ಹಲ್ಲುಹಲ್ಲಾಗಿ ಮೂಡಿದೆ, ಗರಗಸ ಒತ್ತಿದ ಹಾಗೆ. ಇಳಿತದ ಹೊತ್ತು. ದೂರದಲ್ಲಿ ಮೊಣಕಾಲು ನೀರಲ್ಲಿ ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವವರು. ನಮ್ಮ ಶಿರಸಿ ಪೇಟೆಯ ಶಂಕರಹೊಂಡದಲ್ಲೂ ಈ ನದಿಯ ಮೂಲ ಇದೆ ಅನ್ನುತ್ತಾರೆ. ಅಣೆಕಟ್ಟಿಲ್ಲದೆ ಇಲ್ಲಿಯ ತನಕ ಬಂದಿದೆ. ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಅಂಗಡಿ ಸಾಮಾನು ತರುತ್ತಿದ್ದ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಹೌದಾ, ಸೈಕಲ್ ಸ್ವಲ್ಪ ಆಚೆ ಸರ್ಸಿ" ಅಂದರು.

ಆಚೆ ದಡದಿಂದ ಕುಮಟಾ. ಬನ್ಸು, ಚಹಾ, ಒಂದು ಪಂಕ್ಚರ್. ಧಾರೇಶ್ವರದ ಬಿಸಿಲು. ಅಷ್ಟೇ.

ಹೊನ್ನಾವರದ ಶರಾವತಿ ಸೇತುವೆ ಹತ್ತಿದಾಗ ನಾಲ್ಕು ಗಂಟೆ. ಪಕ್ಕದಲ್ಲಿ ಕಾಣುತ್ತಿರುವುದು ರೈಲು ಸೇತುವೆ, 2 ಕಿ.ಮೀ.ಗಿಂತ ಉದ್ದ, ಕೊಂಕಣ ರೈಲಿನಲ್ಲೇ ಅತಿ ಉದ್ದದ್ದು. ಎರಡು ದಿನ ಜೊತೆಗೆ ಹೋಗುತ್ತೇವೆ ಅಂತ ಹೊರಟಿದ್ದೆವಲ್ಲ, ಸರಿಯಾಗಿ ರೈಲು ಕಂಡದ್ದು ಇಲ್ಲೇ. ಕ್ಯಾಮೆರಾ ತೆಗೆಯೋಣ ಅಂತ ಬ್ಯಾಗಿಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ತಣ್ಣಗಿನ ಹಿತ್ತಾಳೆ. ಅಜ್ಜಿಯ ಚೆಂಬು! ಒದ್ದೆ ಟವೆಲ್ ಜೊತೆ ಸೇರಿ ಬಂದಿದೆ. ನಾನು ಅದನ್ನು ಹಿಡಿದು ನಿಂತಿರುವಾಗಲೇ ರೈಲು ಹೊಳೆ ದಾಟಿ ಹೋಯಿತು. ಅದಕ್ಕೇ ಈ ವಿಡಿಯೋದಲ್ಲಿ ರೈಲಿಲ್ಲ.

ಬರುವ ಭಾನುವಾರ ಮತ್ತೆ ತದಡಿಗೆ ಹೊರಟಿದ್ದೇನೆ. ಈ ಸಲ ಬಸ್ಸಲ್ಲಿ.